ಒಂದು ಹೆಜ್ಜೆಯ ಬೆಲೆ

ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಹವ್ಯಾಸ ಪಕ್ಷಿವೀಕ್ಷಣೆ. ಕಳೆದ ನವೆಂಬರ್‌ನ ಒಂದು ಮುಂಜಾನೆ ಕ್ಯಾಮೆರಾ ಹೆಗಲಿಗೇರಿಸಿ ನಂದಿಬೆಟ್ಟಕ್ಕೆ ಹೋಗಿದ್ದೆ. 1,478 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಹಳೆಯ ಮರಗಳ ದಟ್ಟ ನೆರಳಿದೆ. ಬಯಲುಸೀಮೆಯನ್ನು ದಾಟಿ ಬರುವ ವಲಸೆ ಹಕ್ಕಿಗಳಿಗೆ ಅದೊಂದು ತಂಗುದಾಣ.

ಅಂದು ಅದೃಷ್ಟ ಒಲಿಯಿತು. ತರಗೆಲೆಗಳ ನಡುವೆ ಮೇವು ಹುಡುಕುತ್ತಿದ್ದ, ಕಪ್ಪು-ಬಿಳುಪು ಮೈಯ, ಬಿಳಿ ಹುಬ್ಬಿನ ಗಂಡು ಪೈಡ್ ಥ್ರಶ್ ಕಣ್ಣಿಗೆ ಬಿತ್ತು. ಹಿಮಾಲಯದ ಕಾಡುಗಳಲ್ಲಿ ಮರಿ ಮಾಡುವ ಈ ಹಾಡುಹಕ್ಕಿ ಚಳಿಗಾಲವನ್ನು ಬಹುಮಟ್ಟಿಗೆ ಶ್ರೀಲಂಕಾದಲ್ಲಿ ಕಳೆಯುತ್ತದೆ. ನಮ್ಮಲ್ಲಿ ಅದು ದಾರಿಹೋಕ ಅತಿಥಿ, ಕಾಣಸಿಗುವುದು ಅಪರೂಪ.

ದೂರದಿಂದ ಐದಾರು ಚಿತ್ರ ತೆಗೆದೆ. ಗುರುತಿಸಲು ಅಷ್ಟು ಸಾಕಿತ್ತು. ಆದರೆ ಕಣ್ಣಿನ ಹೊಳಪೂ ಮೂಡಲೆಂಬ ಆಸೆಯಿಂದ ಒಂದು ಹೆಜ್ಜೆ ಮುಂದಿಟ್ಟೆ. ಹಕ್ಕಿ ಹಾರಿಹೋಯಿತು. ಒಂದು ಗಂಟೆ ಕಾದರೂ ಮರಳಲಿಲ್ಲ.

ಅರ್ಥಶಾಸ್ತ್ರ ಓದಿದವನಿಗೆ ಈ ಲೆಕ್ಕ ತಿಳಿದಿರಬೇಕಿತ್ತು. ವಲಸೆ ಹಕ್ಕಿಯ ಏಕೈಕ ಉಳಿತಾಯವೆಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು. ರಾತ್ರಿಯ ಹಾರಾಟದಲ್ಲಿ ಕರಗಿದ್ದನ್ನು ಹಗಲಿನ ಮೇವಿನಿಂದ ತುಂಬಿಕೊಳ್ಳಬೇಕು. ಒಮ್ಮೆ ಬೆದರಿ ಹಾರಿದರೆ ಆಗುವ ನಷ್ಟ ಅಲ್ಪವಿರಬಹುದು. ಆದರೆ ನನ್ನ ಹಿಂದೆ ಇನ್ನೂ ಹತ್ತು ಕ್ಯಾಮೆರಾಗಳು ಬಂದರೆ? ಲಾಭ ನಮ್ಮದು, ವೆಚ್ಚ ಹಕ್ಕಿಯದು. ಮೊಬೈಲ್‌ನಲ್ಲಿ ಕೂಗು ನುಡಿಸಿ ಹಕ್ಕಿಗಳನ್ನು ಹೊರಗೆಳೆಯುವವರನ್ನು ನಾನು ಟೀಕಿಸಿದ್ದುಂಟು. ಅವರಿಗೂ ನನಗೂ ಅಂತರವೆಷ್ಟು?

ಈಗ ನನ್ನ ಮೇಜಿನ ಮೇಲಿರುವುದು ದೂರದಿಂದ ತೆಗೆದ, ತುಸು ಮಸುಕಾದ ಚಿತ್ರ. ಅದರಲ್ಲಿ ಹಕ್ಕಿ ಇನ್ನೂ ನಿಶ್ಚಿಂತೆಯಿಂದ ಮೇಯುತ್ತಿದೆ.