ಮದ್ಯದ ರುಚಿ: ನಾಲಗೆಯದೋ, ಮೂಗಿನದೋ?

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿ ಐಲಾ ಎಂಬ ದ್ವೀಪವಿದೆ. ಅಲ್ಲಿ ತಯಾರಾಗುವ ವಿಸ್ಕಿಗೆ ಕೆಲವರು ಮರುಳಾಗುತ್ತಾರೆ. ಮತ್ತೆ ಕೆಲವರು ಇದೇನು ಆಸ್ಪತ್ರೆಯ ವಾಸನೆ ಎಂದು ಮುಖ ತಿರುಗಿಸುತ್ತಾರೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮ ಹಿರಿಯರು ಈ ಬಗೆಯ ವ್ಯಾಜ್ಯವನ್ನು ಒಂದೇ ಮಾತಿನಲ್ಲಿ ಮುಗಿಸಿದರು. ಇಚ್ಛೆಯು ಹೀಗೆ ಭಿನ್ನವಾಗುವುದೇಕೆ ಎಂಬ ಪ್ರಶ್ನೆ ಮಾತ್ರ ವಿಜ್ಞಾನಿಯ ಪಾಲಿಗೆ ಉಳಿಯಿತು.

ಆಸ್ಪತ್ರೆಯ ವಾಸನೆ ಎಂದವರ ಮೂಗು ಸುಳ್ಳಾಡಿಲ್ಲ. ಮೊಳೆತ ಬಾರ್ಲಿಯನ್ನು ಪೀಟ್ ಉರಿಸಿದ ಹೊಗೆಯಲ್ಲಿ ಒಣಗಿಸುವುದು ಐಲಾದ ವಾಡಿಕೆ. ಪೀಟ್ ಎಂದರೆ ಜೌಗು ನೆಲದಲ್ಲಿ ಸಹಸ್ರಾರು ವರ್ಷಗಳಿಂದ ಅರೆಕೊಳೆತು ಬಿದ್ದ ಸಸ್ಯರಾಶಿ. ಅದರ ಹೊಗೆಯಲ್ಲಿರುವ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಮೊದಲಾದ ವಸ್ತುಗಳು ಕಾಳಿಗೆ ಅಂಟಿಕೊಂಡು, ಬಟ್ಟಿ ಇಳಿಸಿದ ಬಳಿಕವೂ ಉಳಿಯುತ್ತವೆ. 1860ರ ದಶಕದಲ್ಲಿ ವೈದ್ಯ ಜೋಸೆಫ್ ಲಿಸ್ಟರನು ಗಾಯಗಳು ಕೀವಾಗದಂತೆ ಬಳಸಿದ ಕಾರ್ಬಾಲಿಕ್ ಆಮ್ಲವು ಈ ಫೀನಾಲೇ!

ಬಟ್ಟಿಯಿಂದ ಆಗತಾನೆ ಇಳಿದ ದ್ರವಕ್ಕೆ ಬಣ್ಣವಿರುವುದಿಲ್ಲ. ಸ್ಕಾಚ್ ವಿಸ್ಕಿಯು ಕಾನೂನಿನಂತೆ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಆ ಅವಧಿಯಲ್ಲಿ ಮರದಿಂದ ಬಣ್ಣವೂ, ವೆನಿಲಾದ ಪರಿಮಳವೂ, ತೆಂಗಿನಕಾಯಿಯನ್ನು ನೆನಪಿಸುವ ಲ್ಯಾಕ್ಟೋನ್ ಎಂಬ ವಸ್ತುವೂ ಅದಕ್ಕೆ ಸೇರುತ್ತವೆ. ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗಕ್ಕೆ ‘ದೇವದೂತರ ಪಾಲು’ ಎಂದು ಹೆಸರು. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇಕಡಾ 2ರಷ್ಟು. ಬೆಂಗಳೂರಿನಲ್ಲಿ ಶೇಕಡಾ 10ನ್ನೂ ಮೀರುತ್ತದೆ. ನಮ್ಮ ದೇವದೂತರಿಗೆ ಬಾಯಾರಿಕೆ ಹೆಚ್ಚೆನ್ನಬೇಕು!

ಇಷ್ಟೆಲ್ಲವನ್ನೂ ಗ್ರಹಿಸುವುದು ನಾಲಗೆಯಲ್ಲ. ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಎಂಬ ಐದು ರುಚಿಗಳಷ್ಟೇ ಅದರ ಸಾಮರ್ಥ್ಯ. ಮೂಗು ಹಿಡಿದುಕೊಂಡು ಒಂದು ಏಲಕ್ಕಿಯನ್ನು ಅಗಿದು, ಅನಂತರ ಮೂಗನ್ನು ಬಿಟ್ಟು ನೋಡಿರಿ. ‘ರುಚಿ’ ಎಂದು ನಾವು ಕರೆಯುವುದು ಎಲ್ಲಿಂದ ಬಂದಿತೆಂದು ತಾನಾಗಿ ತಿಳಿಯುತ್ತದೆ.

ಮದ್ಯವು ಗಂಟಲನ್ನು ಸುಡುವುದಂತೂ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಮೆಣಸಿನಕಾಯಿಯ ಖಾರಕ್ಕೆ ಸ್ಪಂದಿಸುವ ನರಗ್ರಾಹಕವು ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಚ್ಚರಗೊಳ್ಳುತ್ತದೆ. ಎಥನಾಲ್ ಸೋಕಿದಾಗ ಆ ಮಿತಿಯು ಸುಮಾರು 34 ಡಿಗ್ರಿಗೆ ಇಳಿಯುವುದೆಂದು 2002ರಲ್ಲಿ ತಿಳಿದುಬಂದಿತು. ನಮ್ಮ ಮೈಯ ಶಾಖವೇ 37 ಡಿಗ್ರಿಯಾದ್ದರಿಂದ, ಬಾಯಿ ತನ್ನ ಬಿಸಿಗೆ ತಾನೇ ಉರಿಯುತ್ತದೆ.

ಕಹಿಯ ವಿಷಯದಲ್ಲಿ ಅನುವಂಶಿಕತೆಯ ಕೈವಾಡವುಂಟು. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ಅಮೆರಿಕದ ರಸಾಯನಜ್ಞನ ಪ್ರಯೋಗಶಾಲೆಯಲ್ಲಿ ಪಿ.ಟಿ.ಸಿ. ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದನು. ಫಾಕ್ಸನಿಗೆ ಏನೂ ತೋರಲಿಲ್ಲ. ಈ ಭೇದಕ್ಕೆ ಕಾರಣವಾದ ಜೀನ್ 2003ರಲ್ಲಿ ಪತ್ತೆಯಾಯಿತು. ಇಂತಹ ಕಹಿಯನ್ನು ತೀಕ್ಷ್ಣವಾಗಿ ಗ್ರಹಿಸುವವರು ಮದ್ಯವನ್ನು ಕಡಿಮೆ ಸೇವಿಸುವರೆಂದು ಕೆಲವು ಪರೀಕ್ಷೆಗಳು ತೋರಿಸಿವೆ. ಎಲ್ಲ ಪರೀಕ್ಷೆಗಳೂ ಇದನ್ನು ಸಮರ್ಥಿಸಿಲ್ಲ.

ಗ್ವಾಯಕಾಲಿನ ಅತ್ಯಲ್ಪ ಅಂಶವನ್ನೂ ಪತ್ತೆಮಾಡುವ ಈ ಮೂಗು ಒಂದೆಡೆ ಪೂರ್ಣವಾಗಿ ಸೋಲುತ್ತದೆ. ಮೆಥನಾಲ್ ಎಂಬ ವಿಷವು ವಾಸನೆಯಲ್ಲಿ ಎಥನಾಲನ್ನೇ ಹೋಲುತ್ತದೆ. ಮದ್ಯದಲ್ಲಿ ಅದು ಬೆರೆತಿದ್ದರೆ ನುರಿತ ಕುಡುಕನಿಗೂ ತಿಳಿಯದು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಇಂತಹ ಕಳ್ಳಭಟ್ಟಿಗೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಮೆಥನಾಲಿನ ಪ್ರತಾಪವು ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಯಕೃತ್ತಿನ ಒಂದು ಕಿಣ್ವವು ಅದನ್ನು ಫಾರ್ಮಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಅದರಿಂದ ಫಾರ್ಮಿಕ್ ಆಮ್ಲವು ಹುಟ್ಟಿ, ಮೊದಲು ಕಣ್ಣಿನ ನರವನ್ನು ಕೆಡಿಸುತ್ತದೆ. ಮದ್ಯ ಸೇವಿಸಿದವನಿಗೆ ಮರುದಿನ ದೃಷ್ಟಿ ಮಂಜಾದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ವೈದ್ಯರು ಫೋಮೆಪಿಜೋಲ್ ಎಂಬ ಔಷಧವನ್ನು, ಅದು ದೊರೆಯದಿದ್ದರೆ ಅಳತೆಮಾಡಿದ ಶುದ್ಧ ಎಥನಾಲನ್ನೇ ಕೊಡುತ್ತಾರೆ. ಆ ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲ್ ಹೆಚ್ಚು ಪ್ರಿಯ; ಅದರಲ್ಲಿ ತೊಡಗಿರುವಷ್ಟು ಹೊತ್ತು ಅದು ಮೆಥನಾಲಿನ ಗೊಡವೆಗೆ ಹೋಗುವುದಿಲ್ಲ.