ಆರು ಇಂಚು ಮರಳು

ನಮ್ಮಪ್ಪ ಸೈಸ್. ಹಾಗೆಂದರೆ ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಅರ್ಥವಾಗುವುದಿಲ್ಲ. ಲಾಯದಲ್ಲಿ ಕುದುರೆಗೆ ಮೈ ತಿಕ್ಕಿ, ಮೇವು ಹಾಕಿ, ಗೊರಸು ಕೆರೆದು, ಜೀನು ಬಿಗಿದು ಸವಾರರ ಕೈಗೆ ಕೊಡುವ ಕೆಲಸ. ದೇವನಹಳ್ಳಿ ಕಡೆಯ ಒಂದು ಸಣ್ಣ ರೈಡಿಂಗ್ ಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಇದ್ದಾರೆ. ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ಅವರ ಕೆಲಸಕ್ಕೂ ನನ್ನ ಓದಿಗೂ ಎಲ್ಲಿಯ ಸಂಬಂಧ ಎಂದುಕೊಂಡಿದ್ದೆ. ಎರಡನೇ ವರ್ಷ ಮುಗಿದ ರಜೆಯಲ್ಲಿ ಆ ಸಂಬಂಧ ಕೂಡಿಬಂತು, ಮರಳಿನ ರೂಪದಲ್ಲಿ.

ಸವಾರಿ ಕಲಿಸುವ ಅಂಗಳಕ್ಕೆ ಅರೀನಾ ಎನ್ನುತ್ತಾರೆ. ಅಲ್ಲಿರುವುದು 20 ಮೀಟರ್ ಅಗಲ, 40 ಮೀಟರ್ ಉದ್ದದ್ದು. ನೋಡುವವರಿಗೆ ಬರೀ ಮರಳು ಹರಡಿದ ಬಯಲು. ಆದರೆ ಅಡಿಯಲ್ಲಿ ಜಲ್ಲಿ ಮತ್ತು ಜಲ್ಲಿಪುಡಿ ಹಾಕಿ ರೋಲರ್ ಹೊಡೆದ ಗಟ್ಟಿ ತಳ ಇರುತ್ತದೆ. ಮಳೆನೀರು ಹರಿದುಹೋಗಲೆಂದು ಆ ತಳಕ್ಕೆ ಸ್ವಲ್ಪ ಇಳಿಜಾರು. ಅದರ ಮೇಲೆ ಮರಳು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಸವಾರಿ ಮಾಡಿದಾಗ ನಾವೆಲ್ಲ ಟಿವಿಯಲ್ಲಿ ಸವಾರನನ್ನು ನೋಡುತ್ತಿದ್ದರೆ ಅಪ್ಪ ಕೆಳಗೆ ನೋಡುತ್ತಿದ್ದರು. ‘ನೆಲ ನೋಡ್ಲಾ, ಕಾಲು ಹೆಂಗೆ ಎದ್ದು ಬರ್ತದೆ’ ಎಂದಿದ್ದರು. ಆಗ ನಕ್ಕಿದ್ದೆ.

ಅಪ್ಪನ ಸ್ಕೂಲಿನ ಅರೀನಾದಲ್ಲಿ ಮರಳು ಸವೆದು ಒಂದಿಂಚು ಉಳಿದಿತ್ತು. ‘ನಿನ್ನ ಮಗ ಸಿವಿಲ್ ಅಲ್ವೇನಪ್ಪ, ಎಷ್ಟು ಮರಳು ಬೇಕು ಅಂತ ಲೆಕ್ಕ ಹಾಕಿಕೊಡಲಿ’ ಎಂದು ಮಾಲೀಕರು ಹೇಳಿದರಂತೆ. ಅವತ್ತು ಅಪ್ಪ ಮನೆಗೆ ಬಂದ ಖುಷಿ ನೋಡಬೇಕಿತ್ತು.

ನಾನು ಅಂತರ್ಜಾಲದಲ್ಲಿ ಯಾವುದೋ ಒಂದು ಕಡೆ ನಾಲ್ಕಿಂಚು ಎಂದು ಓದಿದೆ. 800 ಚದರ ಮೀಟರ್‌ಗೆ ನಾಲ್ಕಿಂಚು, ಅಂದರೆ ಸುಮಾರು 80 ಘನ ಮೀಟರ್. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಒದ್ದೆ ಮರಳು ಉಬ್ಬುತ್ತದೆ ಎಂದು ಲ್ಯಾಬಿನಲ್ಲಿ ಅಳತೆ ಜಾಡಿ ಹಿಡಿದು ನೋಡಿದ್ದೆನಲ್ಲ! ಕಣಗಳ ಸುತ್ತ ನೀರಿನ ತೆಳುಪೊರೆ ಕೂತು ಅವುಗಳನ್ನು ದೂರ ತಳ್ಳುವುದರಿಂದ ಅದೇ ಮರಳು ಕಾಲುಭಾಗದಷ್ಟು ಹೆಚ್ಚು ಜಾಗ ಹಿಡಿಯಬಹುದು. ಅದಕ್ಕೆಂದು ಶೇ 25ರಷ್ಟು ಸೇರಿಸಿ 100 ಘನ ಮೀಟರ್ ಎಂದು ಬರೆದುಕೊಟ್ಟೆ. ‘ಎರಡಿಂಚು ಸಾಕಲ್ವೇನೋ?’ ಎಂದು ಅಪ್ಪ ಕೇಳಿದರು. ‘ಅಪ್ಪ, ಇದು ಲೆಕ್ಕ’ ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ಟಿಪ್ಪರ್‌ಗಳಲ್ಲಿ ಬಂದದ್ದು ಯಾರ್ಡಿನಲ್ಲಿ ವಾರಗಟ್ಟಲೆ ಬಿಸಿಲು ಕಾಯ್ದ ಎಂ-ಸ್ಯಾಂಡ್. ಕೈಯಲ್ಲಿ ಹಿಡಿದರೆ ಸೋರಿಹೋಗುವಷ್ಟು ಒಣಗಿತ್ತು. ಉಬ್ಬೇ ಇರಲಿಲ್ಲ. ಹಳೆಯದೂ ಸೇರಿ ಆರು ಇಂಚು ಆಯಿತು. ಹರಡಿದ ಮೇಲೆ ಸಮುದ್ರ ತೀರದ ಹಾಗೆ ಕಂಡು, ಕಲಿಯಲು ಬಂದ ಮಕ್ಕಳು ಕುಣಿದರು. ನಾನು ಫೋಟೊ ತೆಗೆದು ಸ್ಟೇಟಸ್ ಹಾಕಿದೆ.

ಎರಡನೇ ವಾರ ಚಂದ್ರಿ ಕುಂಟತೊಡಗಿದಳು. ಚಂದ್ರಿ ರೇಸಿನಿಂದ ನಿವೃತ್ತಿಯಾಗಿ ಬಂದ ಹದಿನೇಳು ವರ್ಷದ ಹೆಣ್ಣು ಕುದುರೆ. ಮೊದಲ ಸಲ ಕುದುರೆ ಹತ್ತುವ ಮಕ್ಕಳನ್ನು ಕೂರಿಸುತ್ತಿದ್ದುದು ಅವಳ ಮೇಲೆಯೇ. ಡಾಕ್ಟರು ಬಂದು ಮುಂಗಾಲಿನ ಹಿಂಭಾಗವನ್ನು ಬೆರಳಿನಿಂದ ಒತ್ತಿದರು. ಬಿಸಿ ಇತ್ತು, ಊದಿತ್ತು. ಕುದುರೆಗೆ ಮಂಡಿಯ ಕೆಳಗೆ ಸ್ನಾಯುಗಳೇ ಇಲ್ಲವಂತೆ, ಬರೀ ಮೂಳೆ ಮತ್ತು ಸ್ನಾಯುರಜ್ಜು. ಆಳದ ಸಡಿಲ ಮರಳಿನಲ್ಲಿ ಪ್ರತಿ ಹೆಜ್ಜೆಗೂ ಗೊರಸು ಹೂತು ಹಿಂದಕ್ಕೆ ಜಾರುತ್ತದೆ. ಮೇಲಿನ ಸ್ನಾಯುಗಳು ದಣಿಯುತ್ತವೆ, ಹೊರೆಯೆಲ್ಲ ಆ ಹಗ್ಗದಂಥ ರಜ್ಜುವಿನ ಮೇಲೆ ಬೀಳುತ್ತದೆ. ‘ಯಾರ್ರೀ ಇಷ್ಟು ಮರಳು ಹಾಕ್ಸಿದ್ದು?’ ಎಂದು ಡಾಕ್ಟರು ಕೇಳಿದರು.

ನಾನು ಅಲ್ಲೇ ನಿಂತಿದ್ದೆ. ಬಾಯಿ ಬರಲಿಲ್ಲ. ‘ನಂದೇ ತಪ್ಪು ಸಾರ್, ನಾನು ನೋಡ್ಕೋಬೇಕಿತ್ತು’ ಎಂದರು ಅಪ್ಪ. ಮಾಲೀಕರು ಎಲ್ಲರೆದುರು ಅವರನ್ನು ಬೈದರು. ಹದಿನಾರು ವರ್ಷದಲ್ಲಿ ಅವರು ಹಾಗೆ ಬೈಸಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಸಂಜೆ ಮಾಲೀಕರ ಬಳಿ ಹೋಗಿ ಲೆಕ್ಕ ನನ್ನದು ಎಂದು ಒಪ್ಪಿಕೊಂಡೆ. ಅದನ್ನು ಬೆಳಗ್ಗೆಯೇ ಮಾಡಬೇಕಿತ್ತು.

ಮರುದಿನದಿಂದ ಮರಳು ತೆಗೆಯುವ ಕೆಲಸ. ಟ್ರಾಕ್ಟರ್ ಬ್ಲೇಡಿನಿಂದ ಮೇಲಿನದನ್ನಷ್ಟೇ ಎಳೆದು, ಉಳಿದದ್ದನ್ನು ಸಲಿಕೆಯಲ್ಲಿ ತೆಗೆದೆವು. ಬ್ಲೇಡು ತಳಕ್ಕೆ ತಗುಲಿ ಜಲ್ಲಿ ಎದ್ದು ಮರಳಿಗೆ ಸೇರಿದರೆ ಗೊರಸಿನಡಿಗೆ ಕಲ್ಲು ಒತ್ತುತ್ತದೆ, ಅರೀನಾ ಕೆಟ್ಟಂತೆಯೇ. ನಾಲ್ಕು ದಿನ ಹಿಡಿಯಿತು. ಇಂಚಿನ ಗುರುತು ಹಾಕಿದ ಕಬ್ಬಿಣದ ಸರಳನ್ನು ಐದೈದು ಮೀಟರಿಗೆ ಒಂದರಂತೆ 45 ಕಡೆ ಚುಚ್ಚಿ, ತಳ ಸಿಗುವವರೆಗೆ ಅಳೆದೆ. ಎರಡೂವರೆ ಇಂಚಿಗೆ ತಂದೆವು. ಸಾಲದೆಂದರೆ ಆಮೇಲೆ ಅರ್ಧರ್ಧ ಇಂಚು ಸೇರಿಸಬಹುದು, ಹೆಚ್ಚಾದರೆ ತೆಗೆಯುವ ಪಾಡು ಬೇಡ.

ಎಂ-ಸ್ಯಾಂಡ್ ತಂದದ್ದು ಮಾತ್ರ ತಪ್ಪಾಗಿರಲಿಲ್ಲ. ಹೊಳೆ ಮರಳಿನ ಕಣ ಉರುಟು, ಗೊರಸಿನಡಿ ಗೋಲಿಯ ಹಾಗೆ ಉರುಳುತ್ತದೆ. ಕಲ್ಲು ಒಡೆದು ಮಾಡಿದ್ದಕ್ಕೆ ಮೂಲೆಗಳಿರುವುದರಿಂದ ಒಂದನ್ನೊಂದು ಕಚ್ಚಿ ನಿಲ್ಲುತ್ತದೆ. ಆದರೆ ತೊಳೆದದ್ದೇ ಆಗಬೇಕು. ಇಲ್ಲದಿದ್ದರೆ ಕಲ್ಲಿನ ಪುಡಿ ಎದ್ದು ಕುದುರೆಗೂ ಸವಾರನಿಗೂ ಕೆಮ್ಮು.

ಉಳಿದದ್ದೆಲ್ಲ ದಿನದಿನದ ಪಾಡು. ಬೆಳಗ್ಗೆ ಬಿಸಿಲೇರುವ ಮುಂಚೆ ನೀರು ಹೊಡೆಯಬೇಕು. ಹಿಡಿ ಮರಳನ್ನು ಅದುಮಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಇದನ್ನು ನಾವು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತೇವೆ, ಕಣಗಳ ನಡುವಿನ ನೀರು ಹೇಗೆ ಅವನ್ನು ಎಳೆದು ಹಿಡಿಯುತ್ತದೆ ಎಂದು. ಲದ್ದಿ ಬಿದ್ದ ಕೂಡಲೇ ಎತ್ತಬೇಕು, ಒಣಗಿ ಪುಡಿಯಾದರೆ ಅದೂ ಧೂಳೇ. ಕುದುರೆಗಳು ಬೇಲಿಯ ಪಕ್ಕದಲ್ಲೇ ಸುತ್ತಿ ಸುತ್ತಿ ಅಲ್ಲೊಂದು ಹಳ್ಳ ತೋಡುತ್ತವೆ, ಮರಳೆಲ್ಲ ಬೇಲಿಗೆ ಹೋಗಿ ಕೂರುತ್ತದೆ. ವಾರಕ್ಕೊಮ್ಮೆ ಅದನ್ನು ಒಳಕ್ಕೆ ಎಳೆಯದಿದ್ದರೆ ಮಳೆಗಾಲದಲ್ಲಿ ಹಳ್ಳದಲ್ಲಿ ನೀರು ನಿಲ್ಲುತ್ತದೆ.

ಮರಳು ಸಮ ಮಾಡಲು ದುಬಾರಿ ಯಂತ್ರಗಳಿವೆ. ಅಪ್ಪ ಊರಿಂದ ತಾತನ ಹಳೇ ಹಲುಬೆ ತರಿಸಿದರು. ಹಲ್ಲು ಎರಡಿಂಚಿಗಿಂತ ಆಳ ಇಳಿಯದಂತೆ ಕತ್ತರಿಸಿ, ಹಿಂದೆ ಭಾರದ ಹಲಗೆ ಕಟ್ಟಿ, ಟ್ರಾಕ್ಟರಿಗೆ ಸಿಕ್ಕಿಸಿದರು. ಹೊಲ ಹರಗುವ ಹಾಗೆ ಒಂದು ದಿನ ಉದ್ದಕ್ಕೆ, ಒಂದು ದಿನ ಅಡ್ಡಕ್ಕೆ. ದಿನವೂ ಒಂದೇ ದಿಕ್ಕಿಗೆ ಎಳೆದರೆ ಮರಳು ಒಂದು ಕೊನೆಗೆ ಸರಿಯುತ್ತದಂತೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಚಂದ್ರಿಗೆ ಆರು ತಿಂಗಳು ಬೇಕಾಯಿತು. ಮೊದಲು ಲಾಯದಲ್ಲೇ ವಿಶ್ರಾಂತಿ, ತಣ್ಣೀರು, ಪಟ್ಟಿ. ಆಮೇಲೆ ಗಟ್ಟಿ ನೆಲದಲ್ಲಿ ಹಗ್ಗ ಹಿಡಿದು ನಡಿಗೆ. ಕಳೆದ ತಿಂಗಳು ಒಂದು ಭಾನುವಾರ ಅವಳನ್ನು ಮರಳಿಗೆ ತಂದೆವು, ಬೆನ್ನ ಮೇಲೆ ಯಾರೂ ಇಲ್ಲದೆ, ಹತ್ತೇ ನಿಮಿಷ. ಅಪ್ಪ ಅವಳ ಹಿಂದೆ ಬಗ್ಗಿ ಗೊರಸಿನ ಗುರುತು ನೋಡುತ್ತಾ ನಡೆದರು. ಅಂಚು ಕುಸಿಯದೆ ನಿಂತಿತ್ತು.

‘ಎಷ್ಟದೆ?’ ಎಂದರು.

‘ಎರಡೂವರೆ ಇಂಚು, ಅಪ್ಪ.’

‘ಆ ಮೂಲೇಲಿ?’

ಆ ಮೂಲೆಯನ್ನು ಆ ವಾರ ಅಳೆದಿರಲಿಲ್ಲ. ಸರಳು ತರಲು ಓಡಿದೆ.