ಗಮಕಕ್ಕೆ ಕೂರುವ ಮುನ್ನ

ಕಾವ್ಯವನ್ನು ರಾಗವಾಗಿ ಓದಿ, ಓದಿದ್ದಕ್ಕೆ ಅರ್ಥ ಹೇಳುವ ಕಲೆ ಗಮಕ. ಸಾಮಾನ್ಯವಾಗಿ ವೇದಿಕೆಯ ಮೇಲೆ ಇಬ್ಬರಿರುತ್ತಾರೆ. ಒಬ್ಬರು ಪದ್ಯ ಹಾಡುವ ವಾಚಕರು, ಇನ್ನೊಬ್ಬರು ಅದನ್ನು ಬಿಡಿಸಿ ಹೇಳುವ ವ್ಯಾಖ್ಯಾನಕಾರರು. ತಾಳದ ಕಟ್ಟಿಲ್ಲ, ಶ್ರುತಿಯೊಂದಿದ್ದರೆ ಸಾಕು. ಇಷ್ಟು ಸರಳವಾಗಿ ಕಾಣುವುದರಿಂದಲೇ ಇದಕ್ಕೆ ಎಷ್ಟು ತಯಾರಿ ಬೇಕೆಂಬುದು ಕೇಳುಗರ ಗಮನಕ್ಕೆ ಬರುವುದಿಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿ ಈ ಕಲೆ ಚೆನ್ನಾಗಿ ಬೇರೂರಿದೆ. ತುಂಗಾ ತೀರದ ಹೊಸಹಳ್ಳಿ, ಮತ್ತೂರುಗಳಿಗೆ ಗಮಕದ ಊರುಗಳೆಂದೇ ಹೆಸರು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅವರ ವಾಚನಕ್ಕೆ ಮತ್ತೂರಿನ ಮಾರ್ಕಾಂಡೇಯ ಅವಧಾನಿಗಳ ವ್ಯಾಖ್ಯಾನ ಜೊತೆಯಾಗುತ್ತಿದ್ದುದನ್ನು ರಸಿಕರು ಇಂದಿಗೂ ನೆನೆಯುತ್ತಾರೆ.

ತಯಾರಿಯ ಮೊದಲ ಪ್ರಶ್ನೆ ಯಾವ ಕಾವ್ಯ, ಯಾವ ಭಾಗ ಎಂಬುದು. ಮಳೆ ಕೈಕೊಟ್ಟ ವರ್ಷ ಕುಮಾರವ್ಯಾಸನ ವಿರಾಟಪರ್ವವನ್ನೇ ಓದಿಸಬೇಕೆಂಬುದು ಹಳ್ಳಿಗಳ ಹಳೆಯ ನಂಬಿಕೆ. ಶಿಕಾರಿಪುರ, ಸೊರಬ ಸೀಮೆಯ ಬಂದಳಿಕೆಯಂಥ ಊರಿಗಾದರೆ ಅಲ್ಲಮಪ್ರಭುವಿನ ಕಥೆಯಾದ ಚಾಮರಸನ ‘ಪ್ರಭುಲಿಂಗಲೀಲೆ’ ಹೇಳಿ ಮಾಡಿಸಿದ ಕಾವ್ಯ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವೇ. ಅಲ್ಲಮನಿಗೆ ಮರುಳಾದ ಮಾಯಾದೇವಿಯ ಬನವಾಸಿ ಸೊರಬದ ಗಡಿ ದಾಟಿದರೆ ಸಿಗುತ್ತದೆ. ಕೇಳುಗರಿಗೆ ಊರುಗಳ ದಾರಿ ಗೊತ್ತಿರುತ್ತದೆ, ಕಥೆಯೂ ಅಷ್ಟಿಷ್ಟು ಗೊತ್ತಿರುತ್ತದೆ. ಇದು ಅನುಕೂಲವೂ ಹೌದು, ಪರೀಕ್ಷೆಯೂ ಹೌದು.

ಈ ಕಾವ್ಯದಲ್ಲಿ 25 ಗತಿಗಳು, ಎಂದರೆ ಅಧ್ಯಾಯಗಳು, 1111 ಪದ್ಯಗಳಿವೆ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ಮೂವತ್ತು ನಲವತ್ತು ಪದ್ಯ ಓದಿದರೆ ಹೆಚ್ಚು. ಆದ್ದರಿಂದ ಆರಿಸುವುದಕ್ಕಿಂತ ಬಿಡುವುದೇ ಕಷ್ಟ. ಮಾಯಾದೇವಿಯ ಪ್ರಸಂಗ ಓದುವುದಾದರೆ ಮಧುಕೇಶ್ವರನ ಗುಡಿಯಲ್ಲಿ ಅಲ್ಲಮ ಮದ್ದಳೆ ನುಡಿಸುವುದು, ಅವಳು ಅವನಿಗೆ ಮರುಳಾಗುವುದು, ಅವನು ಕೈಗೆ ಸಿಗದೆ ಹೋಗುವುದು, ಈ ಮೂರು ಘಟ್ಟ ಉಳಿಯಬೇಕು. ವರ್ಣನೆಯ ಪದ್ಯಗಳಲ್ಲಿ ಒಂದೋ ಎರಡೋ ಇಟ್ಟುಕೊಂಡರೆ ಸಾಕು. ಬಿಟ್ಟ ಪದ್ಯಗಳ ಕಥೆಯನ್ನು ವ್ಯಾಖ್ಯಾನಕಾರರು ನಾಲ್ಕು ಮಾತಿನಲ್ಲಿ ಹೇಳಿ ಎಳೆ ಕೂಡಿಸುತ್ತಾರೆ. ಈ ಮಾತುಗಳನ್ನು ಮೊದಲೇ ಯೋಚಿಸಿಕೊಳ್ಳದಿದ್ದರೆ ವೇದಿಕೆಯಲ್ಲಿ ಅವು ನಲವತ್ತಾಗುತ್ತವೆ.

ವಾಚಕರ ಕೆಲಸದ ತಿರುಳೆಲ್ಲ ಪದಚ್ಛೇದದಲ್ಲಿದೆ. ‘ಪ್ರಭುಲಿಂಗಲೀಲೆ’ ಇರುವುದು ಭಾಮಿನಿ ಷಟ್ಪದಿಯಲ್ಲಿ. ಆರು ಸಾಲುಗಳ ಪೈಕಿ 1, 2, 4, 5ನೆಯವು ಮೂರು ನಾಲ್ಕು ಮಾತ್ರೆಗಳ ಗಣಗಳಿಂದ ಕೂಡಿ 14 ಮಾತ್ರೆಯವು. 3 ಮತ್ತು 6ನೆಯ ಸಾಲುಗಳು ಕೊನೆಯ ಗುರುವೂ ಸೇರಿ 23 ಮಾತ್ರೆಯವು. ಪದ ಮಾತ್ರ ಈ ಲೆಕ್ಕಕ್ಕೆ ಕಾಯುವುದಿಲ್ಲ. ಒಂದು ಸಾಲಿನ ಕೊನೆಯಲ್ಲಿ ಅರ್ಧ ಪದ, ಮುಂದಿನ ಸಾಲಿನ ಮೊದಲಿಗೆ ಉಳಿದರ್ಧ. ಅಚ್ಚಾದ ಪುಸ್ತಕವನ್ನು ಕಂಡಂತೆಯೇ ಓದಿದರೆ ಪದ ಒಡೆದು ಅರ್ಥ ಕೆಡುತ್ತದೆ. ಬರೀ ಅರ್ಥ ನೋಡಿ ಓದಿದರೆ ಲಯ ತಪ್ಪಿ ಪದ್ಯ ಗದ್ಯವಾಗುತ್ತದೆ. ಅದಕ್ಕೇ ವಾಚಕರು ಪ್ರತಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳುತ್ತಾರೆ: ಉಸಿರು ತೆಗೆದುಕೊಳ್ಳುವಲ್ಲಿ ಗೀಟು, ಸಾಲು ಮುಗಿದರೂ ನಿಲ್ಲಬಾರದಲ್ಲಿ ಕೊಂಡಿ, ಸಂಧಿ ಬಿಡಿಸಿ ಎರಡನೆಯ ಸಲ ಓದಬೇಕಾದಲ್ಲಿ ಚುಕ್ಕೆ. ಪದ್ಯವನ್ನು ಮೊದಲು ರಾಗವಿಲ್ಲದೆ ಗಟ್ಟಿಯಾಗಿ ಓದಿಕೊಂಡವರಿಗೆ ಈ ಗುರುತುಗಳು ತಾವಾಗಿಯೇ ಹೊಳೆಯುತ್ತವೆ.

ರಾಗದ ಸರದಿ ಆಮೇಲಿನದು. ನಾಟದಲ್ಲಿ ಆರಂಭಿಸಿ, ಕರುಣಕ್ಕೆ ಮುಖಾರಿಯನ್ನೋ ನಾದನಾಮಕ್ರಿಯೆಯನ್ನೋ ಹಿಡಿದು, ಮಧ್ಯಮಾವತಿಯಲ್ಲಿ ಮಂಗಳ ಹಾಡುವುದು ರೂಢಿ. ಸಂಗೀತ ಚೆನ್ನಾಗಿ ಬಲ್ಲವರು ಇಲ್ಲಿಯೇ ಜಾರುವುದುಂಟು. ಆಲಾಪನೆ ಉದ್ದವಾದರೆ ಕೇಳುಗರು ರಾಗಕ್ಕೆ ತಲೆದೂಗುತ್ತಾರೆ, ಮಾಯಾದೇವಿಯನ್ನು ಮರೆಯುತ್ತಾರೆ.

ವ್ಯಾಖ್ಯಾನಕಾರರ ತಯಾರಿ ಬೇರೆ ಬಗೆಯದು. ಪ್ರತಿಪದಾರ್ಥ ಕೈಯಲ್ಲಿರಬೇಕು, ಪಾಠಾಂತರ ತಿಳಿದಿರಬೇಕು. ಇದೇ ಕಥೆಯನ್ನು ಚಾಮರಸನಿಗಿಂತ ಮೊದಲು ಹರಿಹರ ‘ಪ್ರಭುದೇವರ ರಗಳೆ’ಯಲ್ಲಿ ಬೇರೆಯಾಗಿ ಹೇಳಿದ್ದಾನೆ. ಅಲ್ಲಿ ಅಲ್ಲಮ ಪ್ರೀತಿಸಿದ ಕಾಮಲತೆ ತೀರಿಕೊಳ್ಳುತ್ತಾಳೆ, ಆ ದುಃಖದಲ್ಲಿ ಅಲೆಯುವವನಿಗೆ ಗುರು ಅನಿಮಿಷಯ್ಯನ ದರ್ಶನವಾಗುತ್ತದೆ. ಚಾಮರಸನ ಪ್ರಭುವಿಗೆ ಮೋಹವೇ ಇಲ್ಲ. ಬಳ್ಳಿಗಾವಿಯ ಸುತ್ತಿನ ಕೇಳುಗರು ಯಾವುದು ಸರಿ ಎಂದು ಕೇಳಿಯೇ ಕೇಳುತ್ತಾರೆ. ಎರಡೂ ಕವಿಗಳ ಉದ್ದೇಶವನ್ನು ವಿವರಿಸಿ, ಓದುತ್ತಿರುವ ಕಾವ್ಯಕ್ಕೆ ಮರಳುವುದೇ ಲೇಸು.

ಸ್ಥಳದ ನೆನಪನ್ನು ತರುವುದಾದರೂ ಹಿತಮಿತವಾಗಿರಬೇಕು. ವೈರಾಗ್ಯದ ಪದ್ಯ ಬಂದಾಗ ಬಂದಳಿಕೆಯಲ್ಲಿ ಜಕ್ಕಿಯಬ್ಬೆಯನ್ನು ನೆನೆಯುವುದು ಸಹಜ. ಗಂಡನ ಮರಣಾನಂತರ ನಾಗರಖಂಡ 70 ಎಂಬ ನಾಡಿನ ಆಡಳಿತ ನಡೆಸಿದ ಈಕೆ, ಮಗಳಿಗೆ ಅಧಿಕಾರ ಒಪ್ಪಿಸಿ ಇದೇ ಊರಿನ ಬಸದಿಯಲ್ಲಿ ಸಲ್ಲೇಖನ ಕೈಗೊಂಡಳೆಂದು ರಾಷ್ಟ್ರಕೂಟರ ಕಾಲದ, ಕ್ರಿ.ಶ. 918ರ ಶಾಸನ ಹೇಳುತ್ತದೆ. ಈ ಮಾತು ಒಂದು ನಿಮಿಷದಲ್ಲಿ ಮುಗಿದರೆ ಪದ್ಯಕ್ಕೆ ಬಲ. ಹತ್ತು ನಿಮಿಷ ಹಿಡಿದರೆ ಶಾಸನದ ಪಾಠ.

ಕೊನೆಯದಾಗಿ ಇಬ್ಬರೂ ಒಟ್ಟಿಗೆ ಕೂತು ಒಮ್ಮೆ ಪೂರ್ತಿ ನಡೆಸಿ ನೋಡಬೇಕು. ವ್ಯಾಖ್ಯಾನ ಎಲ್ಲಿ ಮುಗಿಯುತ್ತದೆ, ಯಾವ ಮಾತು ಕೇಳಿ ವಾಚಕರು ಮುಂದಿನ ಪದ್ಯ ಎತ್ತಿಕೊಳ್ಳಬೇಕು ಎಂಬುದು ಆಗ ಇತ್ಯರ್ಥವಾಗುತ್ತದೆ. ಕಲ್ಲಿನ ನವರಂಗದಲ್ಲಾದರೆ ದನಿ ಮಾರ್ದನಿಸುತ್ತದೆ, ಓದು ನಿಧಾನವಾಗಬೇಕು. ಬಯಲಿನಲ್ಲಾದರೆ ಮೈಕನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಸ್ವಾಗತ, ಸನ್ಮಾನಗಳಿಗೆ ಹೇಗೂ ಅರ್ಧ ಗಂಟೆ ಹೋಗುತ್ತದೆ. ಸಮಯ ಸಾಲದಿದ್ದರೆ ಬಿಡಬಹುದಾದ ಐದಾರು ಪದ್ಯಗಳಿಗೆ ಇಬ್ಬರ ಪ್ರತಿಗಳಲ್ಲೂ ಒಂದೇ ಗುರುತು ಹಾಕಿಟ್ಟಿರಬೇಕು.